ಎಡಗೈಯವಳ ಮರಿಗೆ

ಮಂಜಲ್‌ಪುರ, ವಡೋದರಾ
4 ಆಗಸ್ಟ್ 2024

ಪ್ರೀತಿಯ ಅಪ್ಪನಿಗೆ, ಮೇದಿನಿಯ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ. ಕೆಲಸ ಹೋಗಿಲ್ಲ, ಜ್ವರ ಬಂದಿಲ್ಲ, ನಿಮಗೆ ಹೇಳದೆ ಮದುವೆಯೂ ಆಗಿಲ್ಲ. ಈ ವಿಷಯವನ್ನು ಫೋನಿನಲ್ಲಿ ಎರಡು ಸಲ ಎತ್ತಿದೆ. ಎರಡು ಸಲವೂ "ಆಮ್ಯಾಲೆ ಮಾತಾಡೂಣು, ಡ್ಯೂಟಿಗೆ ಹೊತ್ತಾತು" ಎಂದು ಇಟ್ಟುಬಿಟ್ಟಿರಿ. ಭಾನುವಾರ ಸಂಜೆ ಯಾವ ಡ್ಯೂಟಿ ಅಪ್ಪಾ? ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲಾಗುವುದಿಲ್ಲ.

ನಮ್ಮ ಕಂಪನಿಗೆ ಒಂದು ಮ್ಯೂಸಿಯಂ ಕಟ್ಟಿಕೊಡುವ ಕೆಲಸ ಸಿಕ್ಕಿದೆ, ಅದೂ ನಿಮ್ಮ ಗದಗ ಜಿಲ್ಲೆಯದು! ಕಪ್ಪತಗುಡ್ಡದ ಬುಡದಲ್ಲಿ ಕಡಕೊಪ್ಪ ಎಂಬ ಸಣ್ಣ ಊರು. ನೂರಿಪ್ಪತ್ತು ವರ್ಷದ ಹಿಂದೆ ಗುಡ್ಡದಲ್ಲಿ ಚಿನ್ನವಿದೆ ಎಂದು ಇಂಗ್ಲಿಷ್ ಕಂಪನಿಗಳು ಮುಗಿಬಿದ್ದವು, ಬಂಡೆ ಕೊರೆದವು, ಕೆಲವೇ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿದವು. ಅವರು ಬಿಟ್ಟುಹೋದ ಕಚೇರಿಯೇ ಈಗ ಮ್ಯೂಸಿಯಂ. ಅರ್ಧ ಕಟ್ಟಡದಲ್ಲಿ ಗಣಿಯ ಕಥೆ, ಇನ್ನರ್ಧದಲ್ಲಿ ಜಾಲಗಾರರ ಕಥೆ. ಕಂಪನಿಗಳು ಬರುವ ಮುಂಚೆ ತಲೆತಲಾಂತರದಿಂದ ಹಳ್ಳದ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರು ಅವರು. ಚಿನ್ನ ಎಲ್ಲಿದೆ ಎಂದು ಇಂಗ್ಲಿಷರಿಗೆ ಗೊತ್ತಾದದ್ದೂ ಅವರ ಹಿಂದೆ ಹೋಗಿಯೇ ಅಂತೆ. ಫಲಕ, ಪೆಟ್ಟಿಗೆ, ಫೋಟೋ ಎಲ್ಲ ಇಲ್ಲಿ ಮಕರಪುರದ ಶೆಡ್ಡಿನಲ್ಲಿ ತಯಾರಾಗಿ ಡಿಸೆಂಬರಿನಲ್ಲಿ ಲಾರಿ ಹತ್ತುತ್ತವೆ.

ಕಂಪನಿಯಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ನನ್ನ ಕನ್ನಡ ಎಂಥದ್ದೆಂದು ನಿಮಗೆ ಗೊತ್ತು. ಸೂರತ್ತಿನ ಶಾಲೆಯಲ್ಲಿ ಗುಜರಾತಿ ಕಲಿತು ಬಂದು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಿಮ್ಮಿಂದ ಬೈಸಿಕೊಳ್ಳುತ್ತಾ ಬರೆದ ಕನ್ನಡ. ಫಲಕದ ಬರಹಗಳನ್ನು ಇದರೊಡನೆ ಇಟ್ಟಿದ್ದೇನೆ. ಕೆಂಪು ಪೆನ್ನು ತೆಗೆಯಿರಿ.

ಇನ್ನೊಂದು ಕೋರಿಕೆ. ನಮ್ಮಜ್ಜನಿಗೆ ಗದಗಿನ ಸರಾಫ ಬಜಾರಿನಲ್ಲಿ ಚಿನ್ನದೊಡವೆ ಮಾಡುವ ಪತ್ತಾರಿಕೆಯ ಅಂಗಡಿ ಇತ್ತು ಎಂದು ನೀವು ಹೇಳುತ್ತಿದ್ದಿರಿ. ಹಳ್ಳ ಬತ್ತಿದ ಮೇಲೆ ಜಾಲಗಾರರು ಅಂಥ ಅಂಗಡಿಗಳ ಮುಂದಿನ ಕಸ, ಚರಂಡಿಯ ಮಣ್ಣು ತೊಳೆದು ಬದುಕಿದರಂತೆ. ಹೋದ ವಾರ ಅಹಮದಾಬಾದಿಗೆ ಹೋಗಿದ್ದಾಗ ಮಾಣೆಕ್ ಚೌಕದಲ್ಲಿ ಅದೇ ಕೆಲಸ ಮಾಡುವ ಹೆಂಗಸರನ್ನು ನೋಡಿದೆ. ಇಲ್ಲಿ ಅವರಿಗೆ ಧೂಳ್‌ಧೋಯಾ ಎನ್ನುತ್ತಾರೆ. ಒಂದು ಗಂಟೆ ಅಲ್ಲೇ ನಿಂತುಬಿಟ್ಟೆ. ನೀವು ಚಿಕ್ಕವರಿದ್ದಾಗ ಗದಗಿನಲ್ಲಿ ಅವರನ್ನು ನೋಡಿರಲೇಬೇಕು. ನೆನಪಿರುವಷ್ಟು ಬರೆಯಿರಿ.

ಅಮ್ಮನಿಗೆ ಹೇಳಿ, ಚಟ್ನಿಪುಡಿ ಮುಗಿದು ವಾರವಾಯಿತು.

ನಿಮ್ಮ,
ಮೇದಿನಿ


ಹಜೀರಾ ಕಾಲೊನಿ, ಸೂರತ್
11 ಆಗಸ್ಟ್ 2024

ಮೇದಿನಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಆ ಭಾನುವಾರ ಡ್ಯೂಟಿ ಇದ್ದದ್ದು ನಿಜ, ನಂಬುವುದಾದರೆ ನಂಬು. ಪ್ಲಾಂಟ್ ನಿಲ್ಲಿಸಿ ರಿಪೇರಿ ನಡೆದಿದೆ. ವೆಲ್ಡಿಂಗ್ ಪರೀಕ್ಷೆ ಮಾಡುವವನಿಗೆ ಈ ದಿನಗಳಲ್ಲಿ ವಾರ ಯಾವುದೆಂದೇ ತಿಳಿಯುವುದಿಲ್ಲ.

ಹನ್ನೆರಡು ಬರಹ ಕಳಿಸಿದ್ದೀಯ, ಒಂಬತ್ತಕ್ಕೆ ಕೆಂಪು ಶಾಯಿ ಬಿದ್ದಿದೆ. "ಗಣಿಗಾರಿಕೆಯ ಇತಿಹಾಸದ ಮೇಲೆ ಬೆಳಕು ಚೆಲ್ಲಲಾಗುತ್ತದೆ" ಎಂದು ಬರೆದಿದ್ದೀಯಲ್ಲ, ಯಾರು ಚೆಲ್ಲುತ್ತಾರೆ, ಎಲ್ಲಿಂದ ಹೊತ್ತು ತಂದು ಚೆಲ್ಲುತ್ತಾರೆ? "ಗಣಿ ಹೇಗೆ ನಡೆಯಿತು ನೋಡಿ" ಅಂದರೆ ಸಾಕು. ಮ್ಯೂಸಿಯಮ್ಮಿಗೆ ಬರುವವರು ಕಡಕೊಪ್ಪದ ಜನ, ಕಾಲೇಜಿನ ಪ್ರಿನ್ಸಿಪಾಲರಲ್ಲ. ಗಣಿಯ ಯಂತ್ರದ ಚಿತ್ರದಲ್ಲಿ ಬಾಯ್ಲರನ್ನು ಪಂಪು ಎಂದು ಬರೆದಿರುವುದನ್ನೂ ತಿದ್ದಿದ್ದೇನೆ.

ಜಾಲಗಾರರ ವಿಷಯ ನನಗೆ ಗೊತ್ತಿಲ್ಲ. ನಾವು ಅಂಗಡಿಯ ಒಳಗೆ ಇದ್ದವರು. ಹೊರಗೆ ಚರಂಡಿಯಲ್ಲಿ ಯಾರು ಕೂತಿದ್ದರು ಎಂದು ನೋಡುತ್ತ ಕೂಡಲಿಲ್ಲ. ನೀನೂ ಮಾಣೆಕ್ ಚೌಕದಲ್ಲಿ ಹಾಗೆ ನಿಂತು ನೋಡುವುದನ್ನು ಬಿಡು. ಅದು ಅವರ ಹೊಟ್ಟೆಪಾಡು, ತಮಾಷೆಯಲ್ಲ. ಗಣಿ, ಯಂತ್ರ, ಇಂಗ್ಲಿಷರ ನಕ್ಷೆ ಇಷ್ಟೆಲ್ಲ ಇರುವಾಗ ಅರ್ಧ ಕಟ್ಟಡವನ್ನು ಚರಂಡಿಗೆ ಕೊಡಬೇಕೆಂದು ಯಾರು ಹೇಳಿದರು? ಈ ವಿಷಯ ಇಲ್ಲಿಗೇ ಬಿಡು. ಉಳಿದ ಬರಹ ಕಳಿಸು, ತಿದ್ದಿ ಕಳಿಸುತ್ತೇನೆ.

ಚಟ್ನಿಪುಡಿ ಎರಡು ಡಬ್ಬಿ ಇಟ್ಟಿದ್ದಾಳೆ. ಅಗಸಿಯದು ನಿನಗೆ, ಶೇಂಗಾದ್ದು ನಿನ್ನ ಜೊತೆಯವರಿಗೆ.

ಇಂತಿ,
ಅಪ್ಪ


ಮಂಜಲ್‌ಪುರ, ವಡೋದರಾ
14 ಸೆಪ್ಟೆಂಬರ್ 2024

ಪ್ರೀತಿಯ ಅಪ್ಪನಿಗೆ,

ಬೈದಿರಿ, ಆದರೂ ಬೆಳಕು ಚೆಲ್ಲುವ ಮಾತು ಓದಿ ಬಿದ್ದು ಬಿದ್ದು ನಕ್ಕೆ. ನಮ್ಮ ಡಿಸೈನರ್ ಮಂಥನ್‌ಗೆ ಗುಜರಾತಿಯಲ್ಲಿ ಬಿಡಿಸಿ ಹೇಳಿದೆ, ಈಗ ಶೆಡ್ಡಿನಲ್ಲಿ ದೀಪ ಹೋದಾಗಲೆಲ್ಲ "ಮೇದಿನಿಬೆನ್, ಸ್ವಲ್ಪ ಬೆಳಕು ಚೆಲ್ಲಿ" ಅನ್ನುತ್ತಾನೆ.

ನಿಮಗೆ ಇಷ್ಟವಿಲ್ಲದಿದ್ದರೂ ಎರಡನೆಯ ಕಂತು ಜಾಲಗಾರರದೇ. ಗದಗಿನ ನಿವೃತ್ತ ಲೆಕ್ಚರರ್ ಒಬ್ಬರು ತಾವು ತೆಗೆದ ಹಳೆಯ ಫೋಟೋಗಳ ಡಬ್ಬಿಯನ್ನೇ ಮ್ಯೂಸಿಯಮ್ಮಿಗೆ ಕೊಟ್ಟಿದ್ದಾರೆ. ಅದರಲ್ಲಿ ಒಂದು ಫೋಟೋ ನೋಡಲು ನಮ್ಮ ಕಂಪನಿಯವರೆಲ್ಲ ಕೆಲಸ ಬಿಟ್ಟು ಬಂದು ಸುತ್ತ ಸೇರಿದರು. ಒಬ್ಬ ಹೆಂಗಸು ಚರಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅಗಲ ತಟ್ಟೆಯಂಥ ಮರದ ಮರಿಗೆಯನ್ನು ನೀರಿನಲ್ಲಿ ತಿರುಗಿಸುತ್ತಿದ್ದಾಳೆ. ಕ್ಯಾಮೆರಾ ಎದುರಿಗಿದ್ದರೂ ಅದರ ಕಡೆ ನೋಡಿಲ್ಲ, ಮರಿಗೆಯನ್ನೇ ನೋಡುತ್ತಿದ್ದಾಳೆ. ಜಾಲಗಾರರ ಕೋಣೆಯ ಬಾಗಿಲಲ್ಲೇ ಇದನ್ನು ಆಳೆತ್ತರಕ್ಕೆ ಹಾಕುವುದೆಂದು ತೀರ್ಮಾನವಾಗಿದೆ. ಅದರ ಕೆಳಗಿನ ಬರಹ ಹೀಗಿದೆ:

"ಗದಗ, ಸುಮಾರು 1978. ಹೆಸರು ತಿಳಿಯದ ಜಾಲಗಾರ ಮಹಿಳೆ ಚರಂಡಿಯ ಕೊಳೆಯಲ್ಲಿ ಚಿನ್ನ ಹುಡುಕುತ್ತಿರುವುದು."

ಫಲಕದ ಪ್ರತಿಯನ್ನು ಇಟ್ಟಿದ್ದೇನೆ. ಭಾಷೆ ಮಾತ್ರ ನೋಡಿ, ಬೇರೇನೂ ಕೇಳುವುದಿಲ್ಲ. ಡಿಸೆಂಬರ್ ಐದಕ್ಕೆ ಅಚ್ಚಿಗೆ ಹೋಗುತ್ತದೆ.

ನಿಮ್ಮ,
ಮೇದಿನಿ


ಹಜೀರಾ ಕಾಲೊನಿ
19 ಸೆಪ್ಟೆಂಬರ್ 2024

ಮೇದಿನಿಗೆ,

ಏನು ಮಾಡಿಟ್ಟಿದ್ದೀರಿ ನೀವು? ನಿಮ್ಮ ಕಂಪನಿಯಲ್ಲಿ ಒಬ್ಬರಿಗೂ ಕಣ್ಣಿಲ್ಲವೇ?

ಫೋಟೋ ತಿರುವು ಮುರುವಾಗಿದೆ. ಕನ್ನಡಿಯಲ್ಲಿ ಕಂಡ ಹಾಗೆ ಅಚ್ಚು ಹಾಕಿದ್ದೀರಿ. ಆಕೆಯ ಸೆರಗು ಬಲಹೆಗಲ ಮೇಲೆ ಬಂದಿದೆ. ಗದಗಿನಲ್ಲಿ ಯಾವ ಹೆಂಗಸು ಬಲಕ್ಕೆ ಸೆರಗು ಹಾಕುತ್ತಾಳೆ? ಅದು ನಿಮ್ಮ ಗುಜರಾತಿನ ಪದ್ಧತಿ. ನಿನ್ನ ಮಂಥನ್‌ಗೆ ಅದು ಸರಿಯಾಗಿಯೇ ಕಂಡಿರುತ್ತದೆ, ಅವನ ತಾಯಿ ಹಾಗೆಯೇ ಉಡುತ್ತಾಳೆ. ನೀನು? ದಿನಾ ನಿಮ್ಮಮ್ಮನನ್ನು ನೋಡಿ ಬೆಳೆದವಳು ನೀನು!

ಎರಡನೆಯದು, "ಕೊಳೆಯಲ್ಲಿ ಹುಡುಕುತ್ತಿರುವುದು" ಎಂದರೇನು? ಕಳೆದ ಕಿವಿಯೋಲೆಯನ್ನು ಹುಡುಕುತ್ತಾರೆ. ಇದು ಕೆಲಸ. ಮೊದಲು ಮಣ್ಣನ್ನು ನೀರಿನಲ್ಲಿ ಕದಡಿ ಕಲ್ಲು ತೆಗೆಯಬೇಕು. ಆಮೇಲೆ ಮರಿಗೆಯನ್ನು ಓರೆ ಮಾಡಿ, ಒಂದೇ ಹದದಲ್ಲಿ ತಿರುಗಿಸುತ್ತಾ, ಹಗುರ ಮಣ್ಣನ್ನು ಅಂಚಿನಿಂದ ಹೊರಗೆ ಬಿಡಬೇಕು. ಕೈ ಸ್ವಲ್ಪ ಜೋರಾದರೆ ಚಿನ್ನವೂ ಹೋಯಿತು, ಮೆತ್ತಗಾದರೆ ಮಣ್ಣು ಉಳಿಯಿತು. ಕೊನೆಗೆ ಕರಿಮರಳು ಉಳಿಯುತ್ತದೆ, ಅದರ ಬಾಲಕ್ಕೆ ಕೂದಲೆಳೆಯಷ್ಟು ಹಳದಿ ಕಾಣುತ್ತದೆ. ಅದಕ್ಕೆ ಹನಿ ಪಾದರಸ ಬಿಟ್ಟು, ಬಟ್ಟೆಯಲ್ಲಿ ಹಿಂಡಿ, ಕಾಸಬೇಕು. ನಾನು ಮೂವತ್ತಾರು ವರ್ಷದಿಂದ ವೆಲ್ಡ್ ನೋಡುತ್ತಿದ್ದೇನೆ, ಅಂಥ ಕೈ ನಮ್ಮ ಪ್ಲಾಂಟಿನಲ್ಲಿ ಒಬ್ಬನಿಗೂ ಇಲ್ಲ.

ಫೋಟೋ ಸರಿಪಡಿಸಿದರೆ ಆಕೆ ಎಡಗೈಯಲ್ಲಿ ತಿರುಗಿಸುತ್ತಿರುವುದು ಕಾಣುತ್ತದೆ. ಅದು ತಪ್ಪೆಂದು ಮತ್ತೆ ತಿರುಗಿಸಬೇಡಿ. ಕಾಸುವಾಗ ಸುಟ್ಟು ಬಲಗೈಯ ಹೆಬ್ಬೆರಳು ಮೊಂಡಾಗಿತ್ತು, ಹಿಡಿತ ಸಿಗುತ್ತಿರಲಿಲ್ಲ. ಅದಕ್ಕೇ ಎಡಗೈ.

ಬರಹ ತಿದ್ದಿ ಇಟ್ಟಿದ್ದೇನೆ.

ಅಪ್ಪ


ಮಂಜಲ್‌ಪುರ
26 ಸೆಪ್ಟೆಂಬರ್ 2024

ಅಪ್ಪಾ,

ನಿಮ್ಮ ಕಾಗದ ಓದಿ ಹಳೆಯ ನೆಗೆಟಿವನ್ನು ತೆಗೆಸಿದೆ. ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಒಳಗೆ ಬರುವವರ ಕಡೆ ಆಕೆಯ ಮುಖ ಇರಲಿ ಎಂದು ಮಂಥನ್ ಚಿತ್ರವನ್ನು ತಿರುಗಿಸಿದ್ದನಂತೆ. ಸೆರಗು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಎದುರುಮನೆ ಬೆನ್, ಮೇಲಿನ ಮನೆ ಬೆನ್ ಎಲ್ಲರನ್ನೂ ನೋಡಿ ನೋಡಿ ನನ್ನ ಕಣ್ಣಿಗೆ ಅದೇ ಸರಿ ಅನ್ನಿಸಿಬಿಟ್ಟಿದೆ. ಅಮ್ಮನ ಫೋಟೋ ಪಕ್ಕಕ್ಕಿಟ್ಟುಕೊಂಡು ನೋಡಿದಾಗ ನಾಚಿಕೆಯಾಯಿತು. ಕಡಕೊಪ್ಪದ ಹೆಂಗಸರು ಮೊದಲ ದಿನವೇ ಬಾಗಿಲಲ್ಲಿ ನಿಂತು ನಗುತ್ತಿದ್ದರು. ನೀವು ಮಾನ ಉಳಿಸಿದಿರಿ.

ಆದರೆ ಒಂದು ಮಾತು. ನೆಗೆಟಿವನ್ನು ದೊಡ್ಡದು ಮಾಡಿಸಿ ಭೂತಕನ್ನಡಿ ಹಿಡಿದು ನೋಡಿದೆ. ಆಕೆಯ ಬಲಗೈ ಮರಿಗೆಯ ಅಡಿಯಲ್ಲಿದೆ. ಹೆಬ್ಬೆರಳು ಕಾಣುವುದೇ ಇಲ್ಲ.

ಅದು ಸುಟ್ಟಿತ್ತೆಂದು ನಿಮಗೆ ಹೇಗೆ ಗೊತ್ತು?

ಈಕೆ ಯಾರೆಂದು ನಿಮಗೆ ಗೊತ್ತಿದ್ದರೆ ಹೆಸರು ಹೇಳಿ ಅಪ್ಪಾ. "ಹೆಸರು ತಿಳಿಯದ" ಎಂಬ ಪದವನ್ನು ನೀವು ತಿದ್ದಿಲ್ಲ. ಉಳಿದ ಪ್ರತಿಯೊಂದು ಪದಕ್ಕೂ ಕೆಂಪು ಶಾಯಿ ಮುಟ್ಟಿಸಿ ಅದೊಂದನ್ನು ಹಾಗೇ ಬಿಟ್ಟಿದ್ದೀರಿ.

ಮೇದಿನಿ


ಮಂಜಲ್‌ಪುರ
28 ಅಕ್ಟೋಬರ್ 2024

ಅಪ್ಪಾ,

ತಿಂಗಳಾಯಿತು. ಫೋನ್ ಮಾಡಿದರೆ ಅಮ್ಮನೇ ಎತ್ತುತ್ತಾಳೆ, ನೀವು ಯಾವಾಗಲೂ ಸ್ನಾನ ಮಾಡುತ್ತಿರುತ್ತೀರಿ. ಇಷ್ಟು ಸ್ನಾನ ಮಾಡಿದರೆ ಹಜೀರಾದಲ್ಲಿ ನೀರಿಗೆ ಬರ ಬಂದೀತು.

ದೀಪಾವಳಿಗೆ ಬರುತ್ತೇನೆ. ಎರಡು ದಿನ ಇರುತ್ತೇನೆ. ಬಾಯಿಬಿಟ್ಟು ಏನೂ ಕೇಳುವುದಿಲ್ಲ, ಆಣೆ. ಆದರೆ ನಾನು ಏನು ಯೋಚಿಸುತ್ತಿದ್ದೇನೆ ಎಂದು ನಿಮಗೂ ಗೊತ್ತು. ನಮ್ಮ ಮನೆಯಲ್ಲಿ ಅಜ್ಜಿಯ ಒಂದೇ ಒಂದು ಫೋಟೋ ಇಲ್ಲ. ಚಿಕ್ಕವಳಿದ್ದಾಗ ಹೆಸರು ಕೇಳಿದರೆ "ಅಜ್ಜಿಗೆ ಅಜ್ಜಿ ಅಂತನ ಅಂತಾರ, ಬ್ಯಾರೆ ಹೆಸರು ಯಾಕ ಬೇಕು" ಅನ್ನುತ್ತಿದ್ದಿರಿ.

ನನಗೆ ಕೋಪವಿಲ್ಲ. ಅಷ್ಟು ತಿಳಿದಿರಲಿ.

ಮೇದಿನಿ


ಹಜೀರಾ ಕಾಲೊನಿ
6 ನವೆಂಬರ್ 2024

ಚಿನ್ನಾ ಮೇದಿನಿ,

ನಾನು ನಿಮ್ಮಮ್ಮ ಬರೆಯುತ್ತಿರುವುದು. ನಿಮ್ಮಪ್ಪ ಡ್ಯೂಟಿಗೆ ಹೋಗಿದ್ದಾರೆ, ಈ ಸಲ ನಿಜವಾಗಿಯೂ.

ಹಬ್ಬಕ್ಕೆ ಬಂದು ಕೊಟ್ಟ ಮಾತಿನಂತೆ ಏನೂ ಕೇಳದೆ ಹೋದೆ. ಅವರೂ ಏನೂ ಹೇಳಲಿಲ್ಲ. ಇಬ್ಬರೂ ಕರ್ಚಿಕಾಯಿ ತಿನ್ನುತ್ತಾ ಟೀವಿ ನೋಡಿದ ಚಂದ ನೋಡಿ ನನಗೆ ಎಲ್ಲಾದರೂ ಹೋಗಿ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

ನೀನು ಹೋದ ಮೇಲೆ ನಾನೇ ಬಾಯಿ ಬಿಟ್ಟೆ. ಈ ಮನುಷ್ಯ ಇಪ್ಪತ್ತೊಂಬತ್ತು ವರ್ಷದಿಂದ ನನಗೆ ಗೊತ್ತಿಲ್ಲ ಎಂದು ತಿಳಿದಿದ್ದಾರೆ! ನಮ್ಮಪ್ಪ ಹೆಣ್ಣು ಕೊಡುವ ಮುಂಚೆ ಗದಗಿಗೆ ಹೋಗಿ, ಕೇರಿಗೇ ಹೋಗಿ ವಿಚಾರಿಸಿಕೊಂಡು ಬಂದಿದ್ದರು. ಯಾರಾದರೂ ವಿಚಾರಿಸದೆ ಕೊಡುತ್ತಾರೇನು? ವಾಪಸ್ಸು ಬಂದವರೇ "ಅಂಗಡಿ ಗಿಂಗಡಿ ಎಲ್ಲಾ ಸುಳ್ಳವಾ. ಆದ್ರ ಆ ತಾಯಿ ಮರಿಗಿ ತಿರಿವಿ ಮಗನ್ನ ಓದಿಸ್ಯಾಳ. ಅಂಥಾಕಿ ಮಗಾ ಹೆಂಡ್ತೀನ ಉಪವಾಸ ಕೆಡವೂದಿಲ್ಲ" ಎಂದರು. ನಾನು ಹೂಂ ಅಂದೆ. ಅವರಾಗಿಯೇ ಹೇಳಲಿ ಎಂದು ಕಾದೆ. ಒಂದು ವರ್ಷ ಕಾದೆ, ಎರಡು ವರ್ಷ ಕಾದೆ, ನೀನು ಹುಟ್ಟಿದೆ, ಆಮೇಲೆ ಕಾಯುವುದೇ ಮರೆತುಹೋಯಿತು.

ಇದನ್ನೆಲ್ಲ ಹೇಳಿದಾಗ ನಿಮ್ಮಪ್ಪ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಮತ್ತ ಯಾಕ ಸುಮ್ಮನಿದ್ದಿ?" ಎಂದರು. "ನೀವು ಅಷ್ಟ ಚಂದಾಗಿ ಆ ಅಂಗಡಿ ಸುದ್ದಿ ಹೇಳ್ತಿದ್ರಿ, ನಡುವ ಯಾಕ ಬಾಯಿ ಹಾಕಬೇಕಂತ" ಎಂದೆ. ನಗು ಬಂತೋ ಅಳು ಬಂತೋ, ಎದ್ದು ಬಾಲ್ಕನಿಗೆ ಹೋದರು.

ಅತ್ತೆಯ ಹೆಸರು ನನಗೂ ಗೊತ್ತು. ಇಲ್ಲಿ ಬರೆಯುವುದಿಲ್ಲ. ಅದನ್ನು ಅವರೇ ಬರೆಯಬೇಕು. ಅಲ್ಲಿಯವರೆಗೆ ಅಚ್ಚು ಹಾಕಬೇಡ, ನಿಮ್ಮ ಸಾಹೇಬರಿಗೆ ಏನಾದರೂ ನೆಪ ಹೇಳು.

ಅಮ್ಮ,
ಅನಸೂಯ


ಹಜೀರಾ ಕಾಲೊನಿ
12 ನವೆಂಬರ್ 2024

ಮಗಳೇ,

ಆಕೆ ಹುಲಿಗೆವ್ವ. ನನ್ನ ತಾಯಿ.

ಇಷ್ಟು ಬರೆಯಲು ನಾಲ್ಕು ಹಾಳೆ ಹರಿದೆ. ಈಗ ಬರೆದಾಯಿತು, ಉಳಿದದ್ದು ಬರೆಯಬಹುದು.

ಅಂಗಡಿ ಇರಲಿಲ್ಲ. ನಮ್ಮಪ್ಪ ನಾನು ಮೂರು ವರ್ಷದವನಿದ್ದಾಗಲೇ ತೀರಿಕೊಂಡರು. ಅವ್ವ ಸರಾಫ ಬಜಾರಿನಲ್ಲಿ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಕಸ ಗುಡಿಸಿ, ಚರಂಡಿಯ ಮಣ್ಣು ತುಂಬಿ ತಂದು ತೊಳೆಯುತ್ತಿದ್ದಳು. ಶಾಲೆಯಲ್ಲಿ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಐಟಿಐ ಮುಗಿಸಿ ಸೂರತ್ತಿಗೆ ಬಂದಾಗ ಇಲ್ಲಿ ಯಾರಿಗೂ ನನ್ನ ಊರು ಕೇರಿ ಗೊತ್ತಿರಲಿಲ್ಲ. ಯಾರೋ "ಅಪ್ಪ ಏನು ಮಾಡುತ್ತಿದ್ದರು" ಎಂದು ಕೇಳಿದರು. ಚಿನ್ನದ ಕೆಲಸ ಎಂದೆ. ಪತ್ತಾರರೇನು ಎಂದರು. ಹೌದೆಂದೆ. ಅಷ್ಟೇ ಆದದ್ದು. ಆಮೇಲೆ ಆ ಸುಳ್ಳನ್ನು ಸಾಕುತ್ತಾ ಬಂದೆ.

ಸುಳ್ಳಿನದು ದೊಡ್ಡ ವಿಷಯವಲ್ಲ. ದೊಡ್ಡದು ಮುಂದಿದೆ, ಇದು ನಿಮ್ಮಮ್ಮನಿಗೂ ಗೊತ್ತಿರಲಿಲ್ಲ. ಮೊನ್ನೆ ಅವಳಿಗೆ ಹೇಳಿದೆ, ಈಗ ನಿನಗೆ.

1990ರಲ್ಲಿ ಅವ್ವ ಸೂರತ್ತಿಗೆ ಬಂದಳು. ಕಟಕ ರೊಟ್ಟಿಯ ಗಂಟು ಹೊತ್ತು, ಎರಡು ರೈಲು ಬದಲಿಸಿ, ಒಬ್ಬಳೇ. ನಾನು ಆಗ ಊರೊಳಗೆ ಇಬ್ಬರು ಜೊತೆಯವರೊಂದಿಗೆ ರೂಮು ಮಾಡಿದ್ದೆ. ಮೂರನೆಯ ದಿನ ನಾನು ಡ್ಯೂಟಿಯಿಂದ ಬರುವಾಗ ಆ ಇಬ್ಬರೂ ಜೊತೆಗಿದ್ದರು. ಸರಾಫರ ಗಲ್ಲಿಯ ತಿರುವಿನಲ್ಲಿ ಅವ್ವ ಕೂತಿದ್ದಳು. ನಮ್ಮ ರೂಮಿನ ಸ್ಟೀಲ್ ತಾಟು ತಂದು ಚರಂಡಿಯ ಮಣ್ಣು ತಿರುವುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿತು. "ಗುಂಡ್ಯಾ, ಈ ಊರಾಗ ಭಾಳ ಬಂಗಾರ ಐತಲೋ! ತಾಟಿನಾಗೂ ನಿಲ್ಲಾಕತ್ತೈತಿ ನೋಡಿಲ್ಲೆ!" ಎಂದು ತಾಟನ್ನು ನನ್ನ ಕಡೆ ಹಿಡಿದಳು.

ಜೊತೆಯವನು "ಯೇ ಕೌನ್ ಹೈ?" ಎಂದ.

ನಾನು "ಗಾಂವ್ ಕೀ ಕಾಮ್‌ವಾಲೀ ಹೈ" ಎಂದೆ.

ಗದಗಿನ ಬಜಾರಿನಲ್ಲಿ ಬೆಳೆದವಳಿಗೆ ಅಷ್ಟು ಹಿಂದಿ ತಿಳಿಯದೇ? ತಾಟಿನಲ್ಲಿದ್ದದ್ದನ್ನು ಚರಂಡಿಗೆ ಸುರಿದಳು. ರೂಮಿಗೆ ಬಂದು ತಾಟನ್ನು ಎರಡು ಸಲ ತಿಕ್ಕಿ ತೊಳೆದಿಟ್ಟಳು. ನಾನು ಏನೋ ಹೇಳಲು ಹೋದೆ. "ಕೆಲ್ಸದಾಕಿ ಅಂದ್ಯಲ್ಲ, ಸುಳ್ಳೇನಲ್ಲ ಬಿಡು. ನಾಳೆ ಗಾಡಿ ಹತ್ತಿಸು" ಎಂದಳು. ಹತ್ತಿಸಿದೆ. ಮರುವರ್ಷ ಮಳೆಗಾಲದಲ್ಲಿ ಹೋಗಿಬಿಟ್ಟಳು. ನಾನು ಮುಟ್ಟುವಷ್ಟರಲ್ಲಿ ಮೂರು ದಿನ ಆಗಿತ್ತು.

ಆ ಗಲ್ಲಿಗೆ ನಾನು ಮತ್ತೆ ಕಾಲಿಟ್ಟಿಲ್ಲ. ನಿನ್ನ ಕಿವಿ ಚುಚ್ಚಿಸುವಾಗಲೂ ನಿಮ್ಮಮ್ಮನನ್ನೇ ಕಳಿಸಿದ್ದೆ.

ನೀನು ಕಳಿಸಿದ ಫಲಕದಲ್ಲಿ "ಹೆಸರು ತಿಳಿಯದ" ಎಂದು ಓದಿದಾಗ, ಹಾಗೆ ಮೊದಲು ಬರೆದವನು ನಾನೇ ಅನ್ನಿಸಿತು. ಅದಕ್ಕೇ ಆ ಪದಕ್ಕೆ ಕೆಂಪು ಪೆನ್ನು ಏಳಲಿಲ್ಲ.

ಈಗ ನೀನು ಏನಾದರೂ ಅನ್ನು. ಬೈಯುವುದಾದರೆ ಪೂರ್ತಿ ಬೈದುಬಿಡು, ಅರ್ಧ ಇಟ್ಟುಕೊಳ್ಳಬೇಡ.

ಅಪ್ಪ


ಮಂಜಲ್‌ಪುರ
16 ನವೆಂಬರ್ 2024

ಅಪ್ಪಾ,

ಆಫೀಸಿನಲ್ಲೇ ಓದಿದೆ, ಓದಬಾರದಿತ್ತು. ಅತ್ತು ಮುಗಿಸಿ ಮುಖ ತೊಳೆದು ಬಂದರೆ ಮಂಥನ್ ಚಹಾ ತಂದಿಟ್ಟಿದ್ದ.

ಬೈದುಬಿಡು ಅಂದಿರಲ್ಲ, ಒಂದು ವಿಷಯಕ್ಕೆ ಬೈಯುತ್ತೇನೆ. ಇಪ್ಪತ್ತೇಳು ವರ್ಷ ನನಗೊಬ್ಬಳು ಅಜ್ಜಿ ಇಲ್ಲದ ಹಾಗೆ ಮಾಡಿದಿರಿ. ಒಬ್ಬಳೇ ಎರಡು ರೈಲು ಬದಲಿಸಿ ಬಂದು ಮೂರನೆಯ ದಿನವೇ ಪರವೂರಿನಲ್ಲಿ ಕೆಲಸ ಶುರುಮಾಡಿದ ಅಜ್ಜಿ! ನನ್ನ ಗೆಳತಿಯರೆಲ್ಲ ತಮ್ಮ ತಮ್ಮ ಅಜ್ಜಿಯರ ಬಗ್ಗೆ ಕೊಚ್ಚಿಕೊಳ್ಳುವಾಗ ನಾನು ಪೆದ್ದಿಯ ಹಾಗೆ ಕೂತಿರುತ್ತಿದ್ದೆ. ಅದಕ್ಕೆ ಮಾತ್ರ ಕೋಪ. ಅದೂ ಬರೆಯುವಷ್ಟರಲ್ಲಿ ಇಳಿಯಿತು.

ಉಳಿದದ್ದಕ್ಕೆ ನಾನು ಏನು ಹೇಳಲಿ ಅಪ್ಪಾ. ನೀವು ಆಗ ಇಪ್ಪತ್ನಾಲ್ಕು ವರ್ಷದವರು. ತಪ್ಪಾಯಿತು. ದೊಡ್ಡ ತಪ್ಪೇ ಆಯಿತು. ಅದನ್ನು ಸರಿ ಅನ್ನಲಾರೆ. ನಿಮ್ಮ ಮೇಲಿನ ಪ್ರೀತಿ ಇಷ್ಟೂ ಕಡಿಮೆಯಾಗಿಲ್ಲ, ಅದನ್ನು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ.

ಈಗ ಕೆಲಸದ ಮಾತು. ಫಲಕದಲ್ಲಿ ಹೆಸರು ಹಾಕಬೇಕಾದರೆ ಅದರ ಕೆಳಗೆ ಒಂದು ಸಾಲು ಬರಲೇಬೇಕು, "ಗುರುತಿಸಿದವರು" ಎಂದು. ಯಾರು ಹೇಳಿದರೆಂದು ಬರೆಯದೆ ಹೆಸರು ಹಾಕಲು ಮ್ಯೂಸಿಯಂ ಸಮಿತಿ ಒಪ್ಪುವುದಿಲ್ಲ. ನಿಮ್ಮ ಹೆಸರು ಬರುವುದು ಬೇಡವಾದರೆ "ಗದಗಿನ ಒಬ್ಬ ಹಿರಿಯರು" ಎಂದು ಹಾಕಬಹುದು, ಅದಕ್ಕೆ ಒಪ್ಪಿದ್ದಾರೆ. ಒತ್ತಾಯವಿಲ್ಲ. ಊರಿನವರೆಲ್ಲ ಓದುತ್ತಾರೆ, ನಿಮ್ಮ ಕಾಲೊನಿಯವರೂ ಎಂದಾದರೂ ಫೋಟೋದಲ್ಲಿ ನೋಡಿಯಾರು. ಯೋಚಿಸಿ ಹೇಳಿ.

ಮೂವತ್ತರಂದು ಶನಿವಾರ. ಅಮ್ಮನನ್ನು ಕರೆದುಕೊಂಡು ಬನ್ನಿ. ಸರಿಮಾಡಿದ ಚಿತ್ರ ಆಳೆತ್ತರಕ್ಕೆ ತಯಾರಾಗಿ ಶೆಡ್ಡಿನಲ್ಲಿ ನಿಂತಿದೆ.

ನಿಮ್ಮ ಮಗಳು,
ಹುಲಿಗೆವ್ವನ ಮೊಮ್ಮಗಳು,
ಮೇದಿನಿ


ಹಜೀರಾ ಕಾಲೊನಿ
2 ಡಿಸೆಂಬರ್ 2024

ಮೇದಿನಿಗೆ ಅಪ್ಪನ ಆಶೀರ್ವಾದ.

ಶನಿವಾರ ಶೆಡ್ಡಿನಲ್ಲಿ ನಾನು ಹೆಚ್ಚು ಮಾತಾಡಲಿಲ್ಲವೆಂದು ನಿನಗೆ ಬೇಸರವಾಗಿರಬಹುದು. ಏನು ಮಾತಾಡಲಿ? ಮೂವತ್ನಾಲ್ಕು ವರ್ಷದ ಮೇಲೆ ಅವ್ವ ಎದುರಿಗೆ ಕೂತಿದ್ದಳು, ಅದೂ ನನಗಿಂತ ಚಿಕ್ಕವಳಾಗಿ. ಗರಗಸದ ಸದ್ದಿಗೆ ತಲೆ ಕೂಡ ಎತ್ತದೆ ತನ್ನ ಕೆಲಸ ಮಾಡುತ್ತಿದ್ದಳು. ನನಗೆ ಅವಳ ಪಕ್ಕದಲ್ಲಿ ಕೂಡಬೇಕು ಅನ್ನಿಸಿತು, ನಿಮ್ಮ ಬಡಗಿಗಳು ನಕ್ಕಾರೆಂದು ಕೂಡಲಿಲ್ಲ. ಆಗ ಆ ನಿನ್ನ ಮಂಥನ್ ಬಂದು ಕೈಮುಗಿದು "ಅಂಕಲ್, ಮಾಫ್ ಕರನಾ, ಮೈನೇ ದಾದೀ ಕೋ ಉಲ್ಟಾ ಕರ್ ದಿಯಾ" ಅಂದನಲ್ಲ, ಅಜ್ಜಿಯನ್ನೇ ತಿರುಗಿಸಿಬಿಟ್ಟನಂತೆ, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ನಕ್ಕೆ. ಒಳ್ಳೆಯ ಹುಡುಗ. ಆದರೂ ಇನ್ನು ಮೇಲೆ ಯಾವ ಫೋಟೋವನ್ನೂ ತಿರುಗಿಸಬೇಡ ಎಂದು ಹೇಳು.

"ಗುರುತಿಸಿದವರು" ಸಾಲಿನ ಬಗ್ಗೆ ನೀನು ಕೇಳಿದಾಗ ಮನೆಗೆ ಹೋಗಿ ಬರೆಯುತ್ತೇನೆ ಎಂದೆ. ನಿಜ ಹೇಳುತ್ತೇನೆ, "ಒಬ್ಬ ಹಿರಿಯರು" ಎಂದು ಬರೆಯಲು ಮನಸ್ಸಿನಲ್ಲಿ ಅರ್ಧ ಒಪ್ಪಿಬಿಟ್ಟಿದ್ದೆ. ಹೆಸರು ಬಂತಲ್ಲ, ಸಾಕು ಅನ್ನಿಸಿತ್ತು.

ಆಮೇಲೆ ರೈಲಿನಲ್ಲಿ ಹೀಗಾಯಿತು. ನೀನು ಕೊಟ್ಟ ಚಿತ್ರದ ಸುರುಳಿ ಸೀಟಿನ ಮೇಲೆ ಹಿಡಿಸಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಎದುರಿಗೆ ಕೂತಿದ್ದ ಸೂರತ್ತಿನ ಬಟ್ಟೆ ವ್ಯಾಪಾರಿ ಅದೇನೆಂದು ಕೇಳಿದ. ಬಿಚ್ಚಿ ತೋರಿಸಿದೆ. "ಯೇ ಕೌನ್ ಹೈ?" ಎಂದ.

ನಿಮ್ಮಮ್ಮ ಕಿಟಕಿಯ ಕಡೆ ತಿರುಗಿ ಕೇಳಿಸದವರ ಹಾಗೆ ಕೂತಳು.

"ಮೇರೀ ಮಾ ಹೈ" ಎಂದೆ.

ಆ ಮನುಷ್ಯ "ಅಚ್ಛಾ, ಕ್ಯಾ ಕರ್ ರಹೀ ಹೈ?" ಎಂದು ಕೇಳಿದ, ಅಷ್ಟೇ. ಮೂಗು ಮುಚ್ಚಲಿಲ್ಲ, ನಗಲಿಲ್ಲ, ಎದ್ದೂ ಹೋಗಲಿಲ್ಲ. ನಾನು ಹೇಳಲು ಶುರುಮಾಡಿದೆ. ಮಣ್ಣು ಹೇಗೆ ಕದಡಬೇಕು, ಮರಿಗೆ ಎಷ್ಟು ಓರೆ ಮಾಡಬೇಕು, ಪಾದರಸ ಎಷ್ಟು ಬಿಡಬೇಕು, ಹೆಬ್ಬೆರಳು ಸುಟ್ಟ ಮೇಲೆ ಒಂದೇ ತಿಂಗಳಲ್ಲಿ ಎಡಗೈಗೆ ಹೇಗೆ ಅಭ್ಯಾಸ ಮಾಡಿಕೊಂಡಳು. ಪಕ್ಕದ ಸೀಟಿನವರೂ ಎದ್ದು ಬಂದು ನೋಡಿದರು. ಭರೂಚ್ ಬರುವಷ್ಟರಲ್ಲಿ ಅರ್ಧ ಡಬ್ಬಿಗೆ ಹುಲಿಗೆವ್ವನ ಹೆಸರು ಗೊತ್ತಾಗಿತ್ತು. ಕೊನೆಗೆ ನಿಮ್ಮಮ್ಮನೇ ನನ್ನ ತೋಳು ಜಗ್ಗಿ "ಸಾಕ ಮಾಡ್ರಿ, ಬಾಜೂ ಸೀಟಿನವರು ಅಂಕಲೇಶ್ವರದಾಗ ಇಳೀಬೇಕಂತ, ದಾರಿ ಬಿಡ್ರಿ" ಎಂದಳು.

ಮನೆಗೆ ಬಂದು ಎರಡು ರೊಟ್ಟಿ ಜಾಸ್ತಿ ತಿಂದೆ. ಎದೆಯ ಮೇಲಿಂದ ಏನೋ ಇಳಿದ ಹಾಗಾಗಿದೆ ಮಗಳೇ. ಅವ್ವನಿಗೆ ಕೇಳಿಸುವ ಹಾಗೆ ಹೇಳಬೇಕಿತ್ತು, ಅದು ಇನ್ನು ಆಗುವುದಿಲ್ಲ, ಅದರ ನೋವು ಇದ್ದೇ ಇರುತ್ತದೆ. ಆದರೂ ಹಗುರಾಗಿದೆ. ನಿನ್ನೆ ಚಿತ್ರವನ್ನು ಹಾಲ್‌ನ ಗೋಡೆಗೆ ಮೊಳೆ ಹೊಡೆದು ಹಾಕಿದೆ. ಪಕ್ಕದ ಮನೆಯವರು ಚಹಾಕ್ಕೆ ಬಂದಿದ್ದಾಗ ಅವರಿಗೂ ಪೂರ್ತಿ ಹೇಳಿದೆ. ಅಂಗಡಿ ಇರಲಿಲ್ಲ ಎಂಬುದನ್ನೂ ಹೇಳಿದೆ. ಇನ್ನೊಂದು ಕಪ್ ಚಹಾ ಕೇಳಿ ಕುಡಿದು ಹೋದರು.

ಐದನೆಯ ತಾರೀಖು ಅಚ್ಚು ಎಂದಿದ್ದೀಯ. ಬರಹವನ್ನು ನಾನೇ ಹೊಸದಾಗಿ ಬರೆದಿದ್ದೇನೆ. ನಿನ್ನ ಸಮಿತಿಯವರು ಏನೇ ಹೇಳಲಿ, ಒಂದಕ್ಷರವನ್ನೂ ಮುಟ್ಟಬೇಡ.

"ಹುಲಿಗೆವ್ವ, ಜಾಲಗಾರ್ತಿ. ಗದಗ, ಸುಮಾರು 1978. ಸರಾಫ ಬಜಾರಿನ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದಳು. ಬಲಗೈಯ ಹೆಬ್ಬೆರಳು ಸುಟ್ಟ ಮೇಲೆ ಎಡಗೈಯಲ್ಲಿ ಮರಿಗೆ ತಿರುಗಿಸುವುದನ್ನು ಕಲಿತಳು.

ಗುರುತಿಸಿದವರು: ಗುಂಡಪ್ಪ, ಆಕೆಯ ಮಗ."

ಅಪ್ಪ